ಅಡ್ಜಸ್ಟ್ ಅನ್ನೋ ಮಾತು

ಯರಗಟ್ಟಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದ ರಾಚವ್ವನ ಪಕ್ಕದಲ್ಲಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ ಯವ್ವಾ” ಎನ್ನುತ್ತ ತಾಯಿ ಮಗಳು ಒತ್ತಿ ಕುಳಿತರು. ಪಂಚಮಿಗೆಂದು ತವರಿಗೆ ಬಂದಿದ್ದ ಮಗಳನ್ನು ತಾಯಿ ಉಂಡಿಯ ಬುಟ್ಟಿ ಹೊತ್ತು ಕಟಕೋಳಕ್ಕೆ, ಗಂಡನ ಮನೆಗೆ ಬಿಡಲು ಹೊರಟಿದ್ದಳು. ರಾಚವ್ವ ಸರಿದು ಜಾಗ ಕೊಟ್ಟಳು. ಮಾತು ತಾನಾಗಿಯೇ ಕಿವಿಗೆ ಬಿತ್ತು.

“ಇದೊಂದ್ ಸಲ ಅಡ್ಜಸ್ಟ್ ಆಗು, ಪೂನಮ್.”

“ಹೊಡತಕ್ಕ ಹೆಂಗ ಅಡ್ಜಸ್ಟ್ ಆಗೂದಬೇ?”

“ಪಂಚಮಿ ಮುಗದು ತಿಂಗಳಾತು. ಮಗಳು ಯಾಕ ಹೋಗಿಲ್ಲಂತ ಮಂದಿ ಕೇಳಾಕ ಹತ್ಯಾರ.”

“ಬಾಯಿಗೊಂದೊಂದು ಉಂಡಿ ತುರುಕು, ಸುಮ್ಮನಾಗತಾರ.”

“ಚಾಷ್ಟಿ ಸಾಕು. ನಿಮ್ಮಪ್ಪನ ಕೂಡ ನಾ ಅಡ್ಜಸ್ಟ್ ಆಗ್ಲಿಲ್ಲೇನ?”

“ಆದಿ. ಅಪ್ಪನ ಏಟಿಗೆ ನಿನ್ನ ಎಡಗಿವಿ ಹೋತು. ನಾ ಸಣ್ಣಾಕಿದ್ದಾಗಿಂದ ನಿನ್ನ ಬಲಕ್ಕ ಕುಂತ ಮಾತಾಡತೇನಿ.”

ತಾಯಿ ಸೆರಗನ್ನು ಎಡಗಿವಿಯ ಮೇಲೆ ಎಳೆದುಕೊಂಡಳು. ಮಗಳು ಅವಳ ಮಡಿಲಿನ ಬುಟ್ಟಿಗೆ ಕೈ ಹಾಕಿದಳು.

“ಮನಿಗೆ ಹೊಳ್ಳಿ ಹೋಗೂಣು ನಡಿ, ಯವ್ವಾ.”

“ಯಾವ ಮನಿಗೆ? ‘ಆಕಿನ್ನ ಬಿಡದ ಬಂದ್ರ ನೀನೂ ಹೊಸ್ತಿಲಾ ತುಳೀಬ್ಯಾಡ’ ಅಂದಾನ ನನಗ ನಿಮ್ಮಪ್ಪ.”

“ಇದನ್ನ ಮೊದಲ ಯಾಕ ಹೇಳಲಿಲ್ಲಬೇ?”

ಕಟಕೋಳದ ಬಸ್ಸು ಬಂದು ನಿಂತಿತು. ತಾಯಿ ಏಳಲಿಲ್ಲ. ಮಗಳೇ ಎದ್ದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

“ಏಳು. ಈ ವಯಸ್ಸಿನಾಗ ನೀ ಎಲ್ಲಿಗೆ ಹೋಗ್ತಿ?”

ಇಬ್ಬರೂ ಬಸ್ಸು ಹತ್ತಿದರು.