ಫೋಟೋ ಕೇಳಿದ ಏಜೆನ್ಸಿ

೨೦೦೪ರ ಒಂದು ಬೆಳಿಗ್ಗೆ ಗುಬ್ಬಿ ಬಸ್ ನಿಲ್ದಾಣದಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಕೂತಿದ್ದರು. ಮಗಳು ಆಗಷ್ಟೇ ಮೊಬೈಲಿನಲ್ಲಿ ಮಾತು ಮುಗಿಸಿದ್ದಳು.

“ಯಾರೇ ಅದು, ಸಂಧ್ಯಾ?”

“ಫಾರಿನ್‌ಗೆ ಓದೋಕೆ ಕಳ್ಸೋ ಏಜೆನ್ಸಿಯೋರು ಕಣಮ್ಮ.”

“ನಿನ್ ಇಂಗ್ಲಿಷ್ ಸಾಲ್ದು ಅಂತ ವಾಪಸ್ ಕಳ್ಸಿದ್ರಲ್ಲ, ಅವ್ರಾ?”

“ಅವ್ರೇ. ನಾನೇ ಅರ್ಜಿ ಹಾಕಿ ಜರ್ಮನಿಲಿ ಸೀಟ್ ತಗೊಂಡಿದ್ದು ಪೇಪರ್‌ನಲ್ಲಿ ನೋಡವ್ರೆ. ಅವ್ರ ಬೋರ್ಡಿಗೆ ಹಾಕೋಕೆ ನನ್ ಫೋಟೋ ಬೇಕಂತೆ.”

“ನೀನೇನಂದೆ?”

“ಕೊಡಲ್ಲ ಅಂದೆ. ಇಂಗ್ಲಿಷ್‌ನಲ್ಲೇ ಹೇಳ್ದೆ.”

“ಅರ್ಥ ಆಯ್ತಾ ಅವ್ರಿಗೆ?”

“ಎರಡ್ ಸಲ ಹೇಳ್ಬೇಕಾಯ್ತು.”

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು. ಅಷ್ಟರಲ್ಲಿ ಬಸ್ಸು ಬಂತು.

“ಇನ್ನೊಂದ್ಸಲ ಫೋನ್ ಮಾಡುದ್ರೆ ನಂಗ್ ಕೊಡು. ನಾನ್ ಕನ್ನಡದಲ್ಲಿ ಹೇಳ್ತೀನಿ” ಎನ್ನುತ್ತ ಮಗಳ ಕೈ ಹಿಡಿದು ಹತ್ತಿದರು.