ತೆಳು ಕವರು, ದಪ್ಪ ಕವರು

ಹಿಂದೆ ಬೇಡ, ಹಿಂದೆ ಬೇಡ ತಾಯಿ, ಮುಂದೆ ಬನ್ನಿ… ಹಿಂದಿನ ಸೀಟಲ್ಲಿ ಸ್ಯಾಂಡ್‌ವಿಚ್ ಇದೆ. ಮೂರು ತಟ್ಟೆ, ಮೇಲೆ ಒದ್ದೆ ಬಟ್ಟೆ ಹೊದಿಸಿದೀನಿ, ಪಾಪ ಮಲಗಿರ್ಲಿ. ಬ್ಯಾಗು ಕೊಡಿ ಇಲ್ಲಿ. ಆ ಬೆಲ್ಟು ಸ್ವಲ್ಪ ಹಠಮಾರಿ, ಎಳೆದು, ಬಿಟ್ಟು, ಮತ್ತೆ ಎಳೀಬೇಕು… ಹಾಂ, ಬಂತು. ಹೊರಡೋಣ ಹಾಗಾದ್ರೆ. ನಾಲ್ಕಕ್ಕೆ ಮೊದಲು ತಲುಪ್ಲೇಬೇಕು. ಕಿಟಕೀಲಿ ಯಾರನ್ನ ನೋಡ್ತಿದೀರಿ? ಆ ಹಳದಿ ಜರ್ಸಿ ಹುಡುಗಿನಾ? ಅವಳು… ಅವಳು ಬೇರೆ ಯಾರಿಗೋ ಕಾಯ್ತಿರ್ಬೇಕು. ಶನಿವಾರ ಅಲ್ವಾ, ಸ್ಟೇಷನ್ ತುಂಬ ಕಾಯೋರೇ.

ಹೌದು ಹೌದು, ಹಬ್ಬದ ಕಾರೇ ಇದು. ಬ್ಯಾಲಿವಾರ್ಡ್ ಸಾಹಿತ್ಯ ಹಬ್ಬಕ್ಕೆ ಬರೋ ದೊಡ್ಡದೊಡ್ಡವರನ್ನೆಲ್ಲ ಕರ್ಕೊಂಡು ಹೋಗೋದು ಯಾರು ಅಂದ್ಕೊಂಡ್ರಿ? ಮ್ಯಾಲಕಿ ಬ್ರೆಹನಿ. ಇಪ್ಪತ್ತು ವರ್ಷದಿಂದ. ಕವಿಗಳನ್ನ ಹೊತ್ತೂ ಹೊತ್ತೂ ಈ ಕಾರಿಗೇ ಲಯ ಬಂದ್ಬಿಟ್ಟಿದೆ, ಮೂರನೇ ಗೇರಲ್ಲಿ ಕೇಳಿ… ಡುಗು ಡುಗು, ಡುಗು ಡುಗು. ಯಾಕೆ ನಗ್ತೀರಿ? ಮೆಕ್ಯಾನಿಕ್ಕೂ ಹೀಗೇ ನಕ್ಕ. ಗೇರ್‌ಬಾಕ್ಸ್ ಹೋಗಿದೆ ಅಂದ. ಅವನಿಗೇನು ಗೊತ್ತು ಛಂದಸ್ಸು.

ಹೋದ ವರ್ಷ ಒಬ್ಬ ಕವಿ ಕೂತಿದ್ದ, ನೀವು ಕೂತಿರೋ ಜಾಗದಲ್ಲೇ. ಎಂಥಾ ದುಃಖ ಅಂತೀರಿ ಅವನದು, ಕೂತ ಕೂಡ್ಲೇ ಎಡಗಡೆ ಚಕ್ರ ಗಾಳಿ ಬಿಟ್ಕೊಂಡು ಕೂತೋಯ್ತು. ಸುಳ್ಳಲ್ಲ. ಅದರ ಹಿಂದಿನ ವರ್ಷ ಆ ಲೈಟ್‌ಹೌಸಿನವಳು. ಮೂರು ತಿಂಗಳು ಲೈಟ್‌ಹೌಸಲ್ಲಿ ಕೂತು ಬರೀಮ್ಮಾ ಅಂತ ಅವಳಿಗೆ ಅವಕಾಶ ಕೊಟ್ಟಿದ್ರು. ಊಟ, ಬೆಚ್ಚಗಿರೋಕೆ ಸೌದೆ, ಜೊತೆಗೊಂದು ಬೆಕ್ಕು, ಎಲ್ಲ ಅವರದ್ದೇ. ಮೂರು ತಿಂಗಳಿಗೆ ಬರೆದಿದ್ದು ಒಂದು ಸಾಲು. ಆ ಸಾಲನ್ನ ಹೊಡೆದುಹಾಕೋಕೆ ಮುಂದಿನ ವರ್ಷ ಮತ್ತೆ ಮೂರು ತಿಂಗಳು ಕೊಟ್ರಂತೆ. ಬೆಕ್ಕು ಮಾತ್ರ ಅಷ್ಟರಲ್ಲಿ ಒಂದು ಕಾದಂಬರಿ ಮುಗಿಸಿತ್ತು… ಆಯ್ತಪ್ಪ, ಬೆಕ್ಕಿನದು ನಾನು ಸೇರಿಸಿದ್ದು. ನೀವೂ ಬರೆಯೋರು, ನಿಮ್ಮ ಹತ್ರ ಏನು ಮುಚ್ಚಿಡೋದು.

ಸ್ಟೇಷನ್ನಲ್ಲಿ ನಾನು ಹಿಡಿದಿದ್ದ ಆ ಬೋರ್ಡನ್ನ ಯಾಕೆ ತಿರುಗಿಸಿ ನೋಡ್ತೀರಿ… ಓಟ್ಸ್ ಡಬ್ಬಿ. ಹೌದು. ಓಟ್ಸ್ ಡಬ್ಬಿ ಕತ್ತರಿಸಿ ಮಾಡಿದ್ದು. ಹಬ್ಬದೋರು ಅಚ್ಚು ಹಾಕ್ಸಿದ್ದು ಖಾಲಿ ಆಗಿತ್ತು. ಅಕ್ಷರ ನೋಡಿ ಹೇಗಿದೆ, ಎಥ್ನಾ ಸ್ಕಾಲಿ ಅಂತ ನಿಮ್ಮ ಹೆಸರು. ರೈಲು ಇನ್ನೂ ಸೇತುವೆ ಮೇಲಿದ್ದಾಗ್ಲೇ ನಿಮಗೆ ಕಂಡಿರ್ಬೇಕು. ನನ್ನ ಹೆಂಡತಿ ಡಿಂಪ್ನಾ ಬರೆದಿದ್ದು. ಅವಳು ಈಗೀಗ ದೊಡ್ಡದಾಗೇ ಬರೆಯೋದು.

ನಮ್ಮ ದೇಶದಲ್ಲಿ ಬರೆಯೋರಿಗೆ ಅವಕಾಶಕ್ಕೇನು ಬರ ಇಲ್ಲ ಬಿಡಿ. ತಿಂಗಳಿಗೊಂದು ಪಟ್ಟಿ ಬರುತ್ತೆ ಲೈಬ್ರರಿಯಿಂದ. ಅದನ್ನ ಫ್ರಿಜ್ಜಿಗೆ ಅಂಟ್ಸಿ ನಾನು ದಿನಾ ಜೋರಾಗಿ ಓದ್ತೀನಿ, ನಮ್ಮ ಪಾದ್ರಿಗಿಂತ ಚೆನ್ನಾಗಿ. ಮೂವತ್ತೈದರ ಒಳಗಿನೋರಿಗೆ ಒಂದು. ಮೊದಲ ಪುಸ್ತಕದೋರಿಗೆ ಒಂದು. ಎರಡನೇ ಪುಸ್ತಕ ಬರೆಯೋಕಾಗದೆ ಒದ್ದಾಡ್ತಿರೋರಿಗೆ ಒಂದು. ದ್ವೀಪದಲ್ಲಿ ಹುಟ್ಟಿದೋರಿಗೆ, ದ್ವೀಪ ಬಿಟ್ಟು ಓಡಿಬಂದೋರಿಗೆ… ಎಪ್ಪತ್ನಾಲ್ಕು ವಯಸ್ಸಿನ, ಪುಸ್ತಕ ಇಲ್ಲದ, ಕಣ್ಣು ಮಂಜಾಗ್ತಿರೋ ಹೆಂಗಸಿಗೆ ಅಂತ ಮಾತ್ರ ಒಂದೂ ಇಲ್ಲ ನೋಡಿ. ಯಾರಾ? ಯಾರೂ ಅಲ್ಲ, ಮಾತಿಗಂದೆ. ಒಂದು ಸ್ಯಾಂಡ್‌ವಿಚ್ ತಗೊಳಿ. ಹಿಂದೆ ಕೈ ಹಾಕಿ, ಎಡಗಡೆ ತಟ್ಟೆ. ಬಲಗಡೆದು ನಮ್ಮ ಪಕ್ಕದ ಮನೆ ಅಟ್ರಾಕ್ಟಾ ಮಾಡಿದ್ದು, ಅವಳು ಉಪ್ಪನ್ನ ನಂಬಲ್ಲ.

ಈ ಅವಕಾಶದ ವ್ಯವಹಾರದಲ್ಲಿ ಒಂದು ಗುಟ್ಟಿದೆ, ನಿಮಗೂ ಗೊತ್ತಿರುತ್ತೆ. ಅರ್ಜಿಗೆ ಉತ್ತರ ಬಂದ್ರೆ ಕವರು ಒಡೀಬೇಕಾಗೇ ಇಲ್ಲ, ಕೈಲಿ ಹಿಡಿದ್ರೆ ಸಾಕು. ದಪ್ಪ ಇದ್ರೆ ಹೌದು ಅಂತ. ಸಹಿ ಹಾಕೋ ಕಾಗದ, ಬ್ಯಾಂಕಿನ ಕಾಗದ, ಯಾರಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ವಿಮೆ ಕಾಗದ, ಎಲ್ಲ ತುಂಬಿರುತ್ತೆ. ತೆಳು ಇದ್ರೆ ಒಂದೇ ಹಾಳೆ. ‘ಈ ಬಾರಿ ಬಂದ ಅರ್ಜಿಗಳ ಮಟ್ಟ ಅತ್ಯಂತ ಎತ್ತರದ್ದಾಗಿದ್ದು…’ ಅಗೋ, ನಕ್ರಿ. ನಿಮಗೂ ಬಾಯಿಪಾಠ ಅಲ್ವಾ? ನಮ್ಮ ಪೋಸ್ಟ್‌ಮ್ಯಾನ್ ಲೋರ್ಕನ್ ಗೇಟಲ್ಲೇ ಕವರು ತೂಗಿ ನೋಡ್ತಾನೆ. ತೆಳು ಇದ್ರೆ ಟೋಪಿ ತೆಗೆದು ಎದೆಗಿಟ್ಕೊಂಡು ಬರ್ತಾನೆ, ಸಾವಿನ ಮನೆಗೆ ಬಂದ ಹಾಗೆ. ಒಂದ್ಸಲ ದಪ್ಪದ್ದೊಂದು ಬಂತು ಅಂತ ಮನೆ ಮಂದಿಯೆಲ್ಲ ಕುಣಿದುಬಿಟ್ವಿ. ಒಡೆದ್ರೆ ತರಕಾರಿ ಬೀಜದ ಕ್ಯಾಟಲಾಗು. ಮನೆ ಮಂದಿಯೆಲ್ಲ ಅಂದ್ರೆ… ನಾನು, ಡಿಂಪ್ನಾ, ನಾಯಿ.

ಹೇಳೋದು ಮರೆತೆ, ನಾಲ್ಕಕ್ಕೆ ನಿಮ್ಮದೊಂದು ಕಾವ್ಯ ಕಮ್ಮಟ ಇದೆ. ಒಂದೇ ಗಂಟೆ. ಪುಸ್ತಿಕೇಲಿ ಇಲ್ವಾ? ಇರಲ್ಲ, ಕೊನೇ ಗಳಿಗೇಲಿ ಸೇರ್ಸಿದ್ದು. ನಿಮ್ಮ ವಾಚನ ರಾತ್ರಿ ಎಂಟಕ್ಕೆ, ಗೊತ್ತು, ಬೇಕಾದಷ್ಟು ಹೊತ್ತಿದೆ. ಅಲ್ಲಿವರೆಗೆ ಬ್ಯಾಲಿವಾರ್ಡಲ್ಲಿ ಏನಿದೆ? ಮೇಯರ್ ಭಾಷಣ, ಪ್ಲಾಸ್ಟಿಕ್ ಲೋಟದಲ್ಲಿ ವೈನು. ನಮ್ಮ ಹಾಲ್‌ನಲ್ಲಿ… ಹಬ್ಬದ್ದೇ ಹಾಲ್, ಸ್ವಲ್ಪ ಊರಾಚೆ… ಅಲ್ಲಿ ನಲವತ್ತು ಜನ ಕಾಯ್ತಿದಾರೆ. ಕುರ್ಚಿ ಸಾಲ್ದೆ ಕೆಲವರು ನಿಂತಿದಾರೆ. ಏನು? ಮೂರು ತಟ್ಟೆ ನಲವತ್ತು ಜನಕ್ಕೆ ಹೇಗೆ ಸಾಲುತ್ತೆ ಅಂತೀರಾ? ಕವಿಗಳು ಲೆಕ್ಕದಲ್ಲಿ ಇಷ್ಟು ಚುರುಕು ಅಂತ ಗೊತ್ತಿರ್ಲಿಲ್ಲ. ಇಪ್ಪತ್ತು ಅಂತಿಟ್ಕೊಳಿ.

ಆದ್ರೆ ಎಂಥಾ ಇಪ್ಪತ್ತು ಅಂತೀರಿ. ಫಿನ್‌ಬಾರ್ ಅಂತ ಇದಾನೆ, ದನದ ಡಾಕ್ಟ್ರು. ನಲವತ್ತು ವರ್ಷ ಮೊಣಕೈವರೆಗೂ ಹಸು ಒಳಗೆ ಕೈ ಹಾಕಿದೋನು, ಈಗ ಪ್ರೇಮಕವಿತೆ ಬರೀತಾನೆ. ಯಾರ ಮೇಲಪ್ಪಾ ಅಂದ್ರೆ ಕಿವಿ ಕೆಂಪಗಾಗುತ್ತೆ. ಆ ಉಪ್ಪಿಲ್ಲದ ಅಟ್ರಾಕ್ಟಾ ಬರೆಯೋದು ಸತ್ತೋದ ತನ್ನ ಕತ್ತೆ ಮೇಲೆ ಮಾತ್ರ. ಹನ್ನೊಂದು ವರ್ಷದಿಂದ ಅದೇ ಕತ್ತೆ. ಮೊದಮೊದಲು ನಾವು ಮುಸಿಮುಸಿ ನಗ್ತಿದ್ವಿ. ಈಗ ಆ ಕತ್ತೆ ಕಿವಿ ಅಲ್ಲಾಡ್ಸಿದ್ರೆ ನಾವೇ ಕರ್ಚೀಫು ಹುಡುಕ್ತೀವಿ. ಇವರನ್ನೆಲ್ಲ ಸೇರ್ಸಿದ್ದು ಡಿಂಪ್ನಾ. ಮೂವತ್ತೊಂದು ವರ್ಷ ಆಯ್ತು, ತಿಂಗಳ ಮೊದಲ ಶನಿವಾರ ತಪ್ಪಿಸಿಲ್ಲ. ಹಿಮ ಬಿದ್ದಾಗ ಟ್ರ್ಯಾಕ್ಟರಲ್ಲಿ ಹೋಗಿದಾಳೆ. ಒಬ್ಬರಾದ್ರೂ ನಿಜವಾದ ಕವಿ ಬಂದು, ಕೂತು, ನಾವು ಬರೆದಿದ್ದನ್ನ ಕೇಳ್ಲಿ… ಅಷ್ಟೇ ಅವಳದ್ದು. ಚೆನ್ನಾಗಿದೆ ಅನ್ನೋದು ಬೇಡ, ಕೇಳಿದ್ರೆ ಸಾಕು ಅಂತಾಳೆ. ಅದಕ್ಕೇ ವರ್ಷಾ ವರ್ಷಾ ಕೌಂಟಿ ಕಚೇರಿಗೆ ಅರ್ಜಿ, ಒಬ್ಬ ಕವಿಯನ್ನ ಕಳಿಸಿಕೊಡಿ ಅಂತ.

ಹಬ್ಬದ ಕಮ್ಮಟಕ್ಕೆ ಅರ್ಜಿ ಯಾಕೆ ಹಾಕ್ಬೇಕು ಅಂತೀರಾ… ಒಳ್ಳೆ ಪ್ರಶ್ನೆ. ಆ ಕುರಿ ನೋಡಿ, ರಸ್ತೆ ಮಧ್ಯದಲ್ಲಿ ಹೇಗೆ ನಿಂತಿದೆ, ಮೇಯರ್ ಥರಾನೇ.

ಫೋನು ಸಿಗಲ್ಲ ಇಲ್ಲಿ, ಗುಡ್ಡ ಅಡ್ಡ ಇದೆ. ಎತ್ತಿ ಹಿಡಿದ್ರೂ ಸಿಗಲ್ಲ. ಏನು ನೋಡಿದ್ರಿ? ಆ ಕೈಮರನಾ? ಬ್ಯಾಲಿವಾರ್ಡ್ ಹದಿನಾಲ್ಕು ಕಿಲೋಮೀಟರು, ಬಾಣ ಹಿಂದಕ್ಕೆ… ಅದು ಯಾರೋ ಕುಡಿದು ತಿರುಗ್ಸಿರೋದು. ಇಡೀ ತಾಲ್ಲೂಕಿನ ಬಾಣ ಎಲ್ಲ ತಿರುಗ್ಸಿದಾರೆ. ಒಂದ್ಸಲ ಬಿಷಪ್ಪರೇ ದಾರಿ ತಪ್ಪಿ ದನದ ಸಂತೇಲಿ…

ನಗು ಬರ್ಲಿಲ್ವಾ?

ಇಷ್ಟೊತ್ತು ನಗ್ತಾನೇ ಇದ್ರಿ. ಬಿಷಪ್ಪರದು ಚೆನ್ನಾಗಿರೋ ಕಥೆ, ಕೊನೇವರೆಗೂ ಹೇಳಿದ್ರೆ… ಬೇಡ. ಸರಿ. ಇಲ್ಲೇ ಕವಲು ಹತ್ರ ನಿಲ್ಲಿಸ್ತೀನಿ. ಸ್ಯಾಂಡ್‌ವಿಚ್ ಕೆಳಗಿಡ್ಬೇಡಿ, ತಿನ್ನಿ, ಅದರದ್ದೇನೂ ತಪ್ಪಿಲ್ಲ.

ನಾನು ಹಬ್ಬದ ಡ್ರೈವರ್ ಅಲ್ಲ. ಇಪ್ಪತ್ತು ವರ್ಷ ಓಡ್ಸಿದ್ದು ಹಾಲಿನ ಲಾರಿ. ಕವಿಗಳು ಅಂತ ಈ ಕಾರಲ್ಲಿ ಕೂತೋರು ನೀವೇ ಮೊದಲು. ಹಬ್ಬದೋರು ಕಳ್ಸಿದ್ದು ಆ ಹಳದಿ ಜರ್ಸಿ ಹುಡುಗೀನ, ಅವಳು ಕಾಯ್ತಿದ್ದದ್ದು ನಿಮಗೇನೇ. ಪಾಪ, ಇನ್ನೂ ಅಲ್ಲೇ ನಿಂತಿರ್ತಾಳೆ, ಹಾಲ್‌ನಲ್ಲಿ ಫೋನಿದೆ, ಹೋದ ಕೂಡ್ಲೇ ಮಾಡಿ ಹೇಳ್ತೀನಿ. ಜನ ಇಪ್ಪತ್ತೂ ಇಲ್ಲ. ಏಳು. ನನ್ನನ್ನೂ ಸೇರ್ಸಿ ಏಳು. ನಾನು ಬರೆಯೋನಲ್ಲ, ಕುರ್ಚಿ ಹಾಕೋನು.

ಬೈಯಿರಿ ತಾಯಿ. ಮುದುಕ ಅಂತ ನೋಡ್ಬೇಡಿ. ಸುಮ್ನಿದ್ರೆ ನನಗೆ ದಿಕ್ಕು ತೋಚಲ್ಲ.

ಫೆಬ್ರವರೀಲಿ ಕೌಂಟಿ ಕಚೇರಿಯಿಂದ ಕವರು ಬಂತು. ಡಿಂಪ್ನಾಗೆ ಕಣ್ಣಿನ ಮಧ್ಯದಲ್ಲೊಂದು ಕಪ್ಪು ಚುಕ್ಕೆ ಕೂತ್ಬಿಟ್ಟಿದೆ, ಸುತ್ತ ಅಂಚಲ್ಲಿ ಮಾತ್ರ ಕಾಣೋದು. ಅದಕ್ಕೇ ಮಾರ್ಕರಲ್ಲಿ ಬರೀತಾಳೆ, ಒಂದೊಂದಕ್ಷರ ಕೋಳಿ ಗಾತ್ರ, ಹಾಳೆಗೆ ಮೂರು ಪದ. ಇವತ್ತು ಓದ್ಬೇಕು ಅಂತಿರೋ ಕವಿತೆ ಹದಿನೆಂಟೇ ಸಾಲು, ನಲವತ್ತು ಹಾಳೆ ಆಗಿದೆ. ಇದರಲ್ಲಿ ಒಂದು ಕೋಳಿನೂ ನಾನು ಸೇರ್ಸಿಲ್ಲ. ಮುಂದಿನ ವರ್ಷಕ್ಕೆ ಕೋಳಿ ಗಾತ್ರನೂ ಕಾಣಲ್ಲ ಅಂದಿದಾರೆ ಡಾಕ್ಟ್ರು. ಓದಿದ್ರೆ ಈ ವರ್ಷ ಓದ್ಬೇಕು.

ಕವರು ಕೈಗೆ ಕೊಟ್ಟು, ಓದು ಮ್ಯಾಲಕಿ ಅಂದ್ಲು. ಒಡೆದೆ. ‘ಈ ಬಾರಿ ಬಂದ ಅರ್ಜಿಗಳ ಮಟ್ಟ’… ಇಪ್ಪತ್ತೆಂಟನೇ ಸಲ. ಕಣ್ಣು ಅದನ್ನೇ ನೋಡ್ತಿದೆ, ಬಾಯಿ ಬೇರೆ ಏನೋ ಓದ್ತಿದೆ. ‘ತಮಗೆ ಸಂತೋಷದಿಂದ ತಿಳಿಸುವುದೇನೆಂದರೆ’ ಅಂತು ಬಾಯಿ. ಜೂನ್ ತಿಂಗಳಲ್ಲಿ ಒಬ್ಬ ಕವಿಯನ್ನ ಕಳಿಸ್ತಿದೀವಿ ಅಂತು. ಕೆಳಗೆ ಸಹಿ ಸಮೇತ ಓದಿದೆ, ಯಾವನೋ ಡಾಕ್ಟರ್ ಕ್ವಿರ್ಕ್ ಅಂತ ಹೆಸರು ಕಟ್ಟಿ. ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟು ಚೆಂದದ ಸುಳ್ಳು ಹೇಳಿರ್ಲಿಲ್ಲ. ಅವಳಿಗೆ ಒಂಚೂರೂ ಗೊತ್ತಾಗ್ಲಿಲ್ಲ.

ಯಾಕೆ ಹಾಗೆ ನೋಡ್ತೀರಿ?

ಗೊತ್ತಾಗ್ಲಿಲ್ಲ ಅಂದ್ನಲ್ಲ. ಕಣ್ಣು ಕಾಣಲ್ಲ, ಹೇಗೆ ಗೊತ್ತಾಗುತ್ತೆ. ಲೋರ್ಕನ್ ಬಂದ, ಅವಳು ಬಾಗಿಲಿಗೆ ಹೋದ್ಲು, ಕವರು ಇಸ್ಕೊಂಡ್ಲು. ಇಸ್ಕೊಂಡು… ಎರಡು ಬೆರಳಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ಲು. ಲೋರ್ಕನ್ ಟೋಪಿ ಎದೆ ಮೇಲಿತ್ತು.

ಒಂದೇ ಹಾಳೆ.

ಅಯ್ಯೋ ದೇವ್ರೇ… ಒಂದೇ ಹಾಳೆ ತಾಯಿ. ಅವಳ ಕೈಯಲ್ಲಿತ್ತಲ್ಲ ಅದು, ನನ್ನ ಕೈಗೆ ಬರೋಕೆ ಮೊದಲು.

ನಾನು ಓದಿ ಮುಗ್ಸಿದ ಮೇಲೆ ಹೀಗೇ ಕೂತಿದ್ಲು, ನೀವು ಈಗ ಕೂತಿದೀರಲ್ಲ ಹೀಗೇ, ಒಂದು ಮಾತಿಲ್ಲ. ಖುಷಿಗೆ ಬಾಯಿ ಕಟ್ಟಿದೆ ಅಂದ್ಕೊಂಡೆ ನಾನು. ಆಮೇಲೆ ಎದ್ದು, ‘ಹಾಗಾದ್ರೆ ಹಾಲ್ ಗುಡಿಸ್ಬೇಕು’ ಅಂದ್ಲು. ಹೋದ ತಿಂಗಳು ಹಬ್ಬದ ಪುಸ್ತಿಕೆ ಅಡುಗೆಮನೆ ಮೇಜಿನ ಮೇಲೆ ಬಿಚ್ಕೊಂಡಿತ್ತು, ನಿಮ್ಮ ಫೋಟೋ ಇರೋ ಪುಟ ಮುಚ್ಚದೇ ಇರ್ಲಿ ಅಂತ ಮೇಲೊಂದು ಚಮಚ. ನಿಮ್ಮನ್ನ ನಾನೇ ಹುಡುಕಿದೆ ಅಂತ ಬೀಗ್ತಿದ್ದೆ. ಆ ಚಮಚ ಇಟ್ಟಿದ್ದು ಯಾರು? ನಾಯಿನಾ? ಇವತ್ತು ಬೆಳಿಗ್ಗೆ ಶರ್ಟು ಇಸ್ತ್ರಿ ಮಾಡ್ಕೊಟ್ಟು, ಕಾಲರ್ ಸರಿಮಾಡ್ತಾ ಏನಂದ್ಲು ಗೊತ್ತಾ? ‘ಸ್ಟೇಷನ್ನಲ್ಲಿ ಆ ಹುಡುಗಿಗಿಂತ ಮುಂದೆ ನಿಂತ್ಕೋ’ ಅಂದ್ಲು. ಹೂಂ ಅಂದೆ. ಯಾವ ಹುಡುಗಿ ಅಂತ ನಾನು ಕೇಳ್ಲೇ ಇಲ್ಲ.

ಕೇಳ್ಲೇ ಇಲ್ಲ ನೋಡಿ. ನಾಲ್ಕು ತಿಂಗಳಿಂದ ನಾನು ಅವಳಿಗೆ ಕಥೆ ಕಟ್ತಿದೀನಿ ಅಂದ್ಕೊಂಡು ಓಡಾಡ್ತಿದ್ದೆ.

ಈಗ ನಿಮ್ಮಿಷ್ಟ. ಎಡಕ್ಕೆ ಹೋದ್ರೆ ಕೆರೆ ಸುತ್ತಿ ಬ್ಯಾಲಿವಾರ್ಡ್, ಇಪ್ಪತ್ತು ನಿಮಿಷ, ಮೇಯರ್ ಇನ್ನೂ ಗಂಟಲು ಸರಿಮಾಡ್ಕೋತಿರ್ತಾನೆ. ಬಲಕ್ಕೆ ಹೋದ್ರೆ ನಮ್ಮ ಕ್ಲೂನ್‌ರೀ, ಎರಡೇ ನಿಮಿಷ. ಅಗೋ, ಆ ಹೊಗೆ ಬರ್ತಿದೆಯಲ್ಲ, ಅದೇ ಹಾಲ್. ಒಲೆ ಹಚ್ಚಿದಾರೆ. ಎಲ್ಲಿ ಅಂದ್ರೆ ಅಲ್ಲಿಗೆ ಬಿಡ್ತೀನಿ, ಮರು ಮಾತಾಡಲ್ಲ. ಹೇಳಿ. ಎಡಕ್ಕೋ, ಬಲಕ್ಕೋ? ಒಂದು ಮಾತು ಹೇಳಿ ತಾಯಿ, ಈ ಸುಮ್ನಿರೋದನ್ನ ಇನ್ನೊಂದ್ಸಲ ತಪ್ಪಾಗಿ ಓದ್ಕೊಳ್ಳೋಕೆ ನನಗೆ ಧೈರ್ಯ ಇಲ್ಲ…

ಏನದು ಸದ್ದು, ಟಿಕ್ಕು ಟಿಕ್ಕು ಅಂತ?

ಇಂಡಿಕೇಟರಿಗೆ ನೀವು ಕೈ ಹಾಕಿದ್ರಾ? ಅದು… ಅದು ಬಲಗಡೆ ದೀಪ. ತಿಳಿದೇ ಹಾಕಿದ್ರಾ? ಸರಿ, ಸರಿ, ಹೊರಟೆ, ಗೇರು ಬೀಳ್ಲಿ ಇರಿ… ಡುಗು ಡುಗು, ಕೇಳಿಸ್ತಾ. ಒಂದೇ ಒಂದು ಕೇಳ್ಕೋತೀನಿ. ಒಳಗೆ ಹೋದ ಮೇಲೆ, ಕಚೇರಿಯ ಡಾಕ್ಟರ್ ಕ್ವಿರ್ಕ್ ಕಳ್ಸಿದ್ರು ಅಂತ ಅವಳಿಗೆ ಹೇಳ್ಬಿಡಿ. ನಂಬಲ್ಲ ಅವಳು. ಆದ್ರೂ ಹೇಳಿ. ಅವಳು ನಂಬಿದಾಳೆ ಅಂತ ನಾನಿನ್ನೂ ನಂಬಿದೀನಿ ಅಂತ ಅವಳು ಅಂದ್ಕೊಂಡಿರ್ಲಿ.