ಮುರಿಗೆವ್ವನ ಕೊಡ

೧೯೬೬ರ ಒಂದು ಸಂಜೆ ಹುಬ್ಬಳ್ಳಿ ಬಸ್ ನಿಲ್ದಾಣದ ಎದುರು ಯಂಕಣ್ಣ ತನ್ನ ಸೈಕಲ್ಲಿನ ಕಳಚಿದ ಚೈನು ಹಾಕುತ್ತ ಕೂತಿದ್ದ. ಪಕ್ಕದಲ್ಲೇ ಬಸ್ಸಿನ ಸಾಲಿನಲ್ಲಿ ಸೈಕಲ್ ಟಯರಿನ ವಾಲ್ವ್ ಮಾಡುವ ಕಾರ್ಖಾನೆಯ ಮಾಲೀಕ ಅಡಿವೆಪ್ಪನವರು ಹೊಸ ಹಿತ್ತಾಳೆ ಕೊಡವೊಂದನ್ನು ಅಪ್ಪಿಕೊಂಡು ನಿಂತಿದ್ದರು. ಅವರ ಹೆಂಡತಿ ಮುರಿಗೆವ್ವನ ಕೈಕೆಳಗೆ ಮನೆಗೆಲಸಕ್ಕಿದ್ದ ಸಾವಕ್ಕ ಅವರ ಹಿಂದೆ ಬಂದು ನಿಂತಳು.

"ಈಗ್ಯಾಕ್ರಿ ಸಾವ್ಕಾರ್ರ, ಕೊಡ?"

"ಮುರಿಗೆವ್ವಗ ಮಾತು ಕೊಟ್ಟಿದ್ನಲ್ಲವಾ. ಐವತ್ತೆಂಟರಾಗ ಕಾರ್ಖಾನಿ ತೆಗದಾಗ ಹಿತ್ತಾಳಿ ಸಿಗಲಿಲ್ಲ. ಆಕಿ ತವರಿನ ಕೊಡಾನ ಕರಗಿಸಿ ಮೊದಲಿನ ವಾಲ್ವ್ ಮಾಡಿದ್ವಿ."

"ಅವ್ವಾರು ನಕ್ಕೋತ ಕೊಟ್ಟಿದ್ರು."

"ಹೊಸಾ ಮಷಿನ್ ತಂದೆ, ಹೊಸಾ ಶೆಡ್ ಕಟ್ಟಿಸಿದೆ. ಕೊಡ ಮಾತ್ರ ಬರೂ ದೀಪಾವಳಿಗೆ ಅನಕೋತನ ಬಂದೆ."

"ಮಣ್ಣಿನ ಕೊಡದಾಗ ನೀರು ತಂದ್ರು. ಒಮ್ಮಿನೂ ಕೇಳಲಿಲ್ರಿ."

"ಕೇಳಿದ್ರ ಛಲೋ ಇತ್ತು. ಮೊನ್ನೆ ಆಕಿ ಕಡೀ ಜಳಕಕ್ಕ ಬಾಜೂ ಮನಿ ಕೊಡ ಇಸಗೊಂಡು ಬಂದೆ."

ಸಾವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಆ ಮೊದಲಿನ ವಾಲ್ವ್ ಒಂದರ ಇಟ್ಟೀರೇನ್ರಿ?"

"ಎಲ್ಲಾ ಮಾರಿಬಿಟ್ಟೆ. ಊರಾಗಿನ ಯಾವ ಸೈಕಲ್ಲಿನ ಗಾಲ್ಯಾಗ ಆಕಿ ಕೊಡ ತಿರಗಾಕತ್ತೈತೋ, ಯಾರಿಗ್ಗೊತ್ತು."

ಬಸ್ಸು ಬಂತು. ಸಾವಕ್ಕ ಕೊಡ ಇಸಿದುಕೊಂಡು ಅವರನ್ನು ಹತ್ತಿಸಿದಳು.

ಚೈನು ಆಗಲೇ ಕೂತಿತ್ತು. ಯಂಕಣ್ಣ ಸೈಕಲ್ ಹತ್ತಲಿಲ್ಲ. ಮನೆಯ ತನಕ ನೂಕಿಕೊಂಡೇ ಹೋದ.